ಅಜ್ಜಂಪುರಕ್ಕೆ ವರ್ಗವಾದ ಪದಕ

ಅಜ್ಜಂಪುರಕ್ಕೆ ಸಮುದ್ರವಿಲ್ಲ. ಕಡೂರಿಗೂ ಇಲ್ಲ, ತರೀಕೆರೆಗೂ ಇಲ್ಲ. ಈ ಸಂಗತಿಯನ್ನು ಸರ್ಕಾರ ಎಂದೂ ಅಲ್ಲಗಳೆದಿಲ್ಲ. ಹಾಗೆಂದು ಲಿಖಿತವಾಗಿ ಒಪ್ಪಿಕೊಂಡೂ ಇಲ್ಲ.

ಈ ಮೂರು ಊರುಗಳ ಸುತ್ತಮುತ್ತ ಬಿದ್ದು ಸಿಕ್ಕ, ಯಾರದೆಂದು ಗೊತ್ತಾಗದ ವಸ್ತುಗಳನ್ನು ಕಾಯುವುದಕ್ಕೆ ಅಜ್ಜಂಪುರದಲ್ಲಿ ಒಂದು ಕಚೇರಿಯಿತ್ತು. ಅದರ ಪೂರ್ತಿ ಹೆಸರು 'ಬೇವಾರಸು ಚರ ಸ್ವತ್ತುಗಳ ಸ್ವೀಕಾರ, ಸಂರಕ್ಷಣೆ ಮತ್ತು ವಿಲೇವಾರಿ ಉಪಕಚೇರಿ'. ಇಷ್ಟುದ್ದ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತದೆಂದು ಜನ ಅದನ್ನು ಬೇವಾರ್ಸಿ ಆಫೀಸು ಎನ್ನುತ್ತಿದ್ದರು. ಅಲ್ಲಿ ಕೆಲಸ ಮಾಡುವವರನ್ನು ಏನೆನ್ನುತ್ತಿದ್ದರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಚೇರಿಯ ಪ್ರಭಾರ ಅಧೀಕ್ಷಕರು ಗುರುಮೂರ್ತಿ. ತರೀಕೆರೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರ ಕೈಕೆಳಗೆ ಬೆರಳಚ್ಚುಗಾರ್ತಿ ಪ್ರತಿಮಾ ಒಬ್ಬಳೇ. ಅವಳ ಮನೆ ಕಚೇರಿಯ ಹಿತ್ತಲಿಗೆ ಅಂಟಿಕೊಂಡೇ ಇತ್ತು, ಹಾಗಾಗಿ ಹಾಲು ಉಕ್ಕುವ ವಾಸನೆ ಬಂದರೆ ಎದ್ದು ಹೋಗಿ ಒಲೆ ಆರಿಸಿ ಬರುವುದು ಕಚೇರಿಯ ಪದ್ಧತಿಯಾಗಿತ್ತು.

ಉಪಕಚೇರಿ ಶುರುವಾದಂದಿನಿಂದ ಒಂದೇ ಒಂದು ವಸ್ತುವನ್ನೂ ಕೈಬಿಟ್ಟಿರಲಿಲ್ಲ. ಛತ್ರಿಗಳು, ಒಂಟಿ ಚಪ್ಪಲಿಗಳು, ಕುಕ್ಕರಿನ ಮುಚ್ಚಳ, ಯಾರದೋ ಹಲ್ಲಿನ ಸೆಟ್ಟು ಎಲ್ಲವೂ ಸುರಕ್ಷಿತವಾಗಿದ್ದವು. ಇದಕ್ಕೆ ನಿಯಮ ಹನ್ನೊಂದು ಕಾರಣ. ಅದರ ಪ್ರಕಾರ, ವಸ್ತುವನ್ನು ವಾಪಸು ಪಡೆಯಲಿಚ್ಛಿಸುವವರು ಅದನ್ನು ಕಳೆದುಕೊಳ್ಳುವ ಮುನ್ನ ಕಚೇರಿಗೆ ತಿಳುವಳಿಕೆ ಕೊಟ್ಟಿರತಕ್ಕದ್ದು. ಜನರಿಗೆ ಇಷ್ಟೂ ಮುಂದಾಲೋಚನೆ ಇರುವುದಿಲ್ಲವಲ್ಲ ಎಂದು ಗುರುಮೂರ್ತಿಯವರು ಮನಸಾರೆ ನೊಂದುಕೊಳ್ಳುತ್ತಿದ್ದರು. ಬಂದ ಪಾರ್ಟಿಗಳು ಅವರ ನೋವನ್ನು ಅರ್ಥಮಾಡಿಕೊಂಡು, ಚಾ-ಕಾಫಿಗೆಂದು ಏನಾದರೂ ಕೊಟ್ಟು, ತಮ್ಮ ಛತ್ರಿಯನ್ನು ದೂರದಿಂದಲೇ ನೋಡಿ ಹೋಗುತ್ತಿದ್ದರು.

ಹೀಗಿರುವಾಗ ಎಮ್ಮೆದೊಡ್ಡಿಯ ಬೀರಯ್ಯ ಒಂದು ಪದಕ ತಂದ.

ಬೀರಯ್ಯ ದನ ಕಾಯುವವನು. ಪದಕ ಅವನಿಗೆ ಕಡೂರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಕೆಳಗೆ ಸಿಕ್ಕಿತ್ತು. ನೀಲಿ-ಬಿಳಿ ಪಟ್ಟಿ ಚೆಂದ ಕಂಡಿತೆಂದು ತನ್ನ ಹೋರಿಕರುವಿನ ಕೊರಳಿಗೆ, ದೃಷ್ಟಿಯಾಗದಿರಲೆಂದು, ಕಟ್ಟಿದ್ದ. ದನ ಮೇಯುವ ಸರ್ಕಾರಿ ಕಾವಲಿನ ವಾಚರ್ ಅದರ ಮೇಲಿದ್ದ ಸಿಂಹಗಳನ್ನು ನೋಡಿ, ಸರ್ಕಾರದ ಸಿಂಹ ಖಾಸಗಿ ಕರುವಿನ ಕೊರಳಲ್ಲಿ ಇರಕೂಡದು ಎಂದು ಹೆದರಿಸಿ ಅಜ್ಜಂಪುರಕ್ಕೆ ಅಟ್ಟಿದ್ದ.

ಪದಕದ ಇನ್ನೊಂದು ಮುಖದಲ್ಲಿ ಕೊಕ್ಕೆ ಕೊಕ್ಕೆಯಾಗಿ ಏನೋ ಇತ್ತು. ಗುರುಮೂರ್ತಿಯವರು ಕನ್ನಡಕ ಏರಿಸಿದರು, ಇಳಿಸಿದರು. ಬೀರಯ್ಯ ಮಾತ್ರ ಅನುಮಾನವೇ ಇಲ್ಲದೆ ಹೇಳಿದ.

"ಪಾತಾಳಗರಡಿ ಕಣ್ ಸ್ವಾಮಿ. ಬಾವಿಗೆ ಬಿದ್ದ ಬಿಂದಿಗೆ ಎತ್ತಾದು."

ಸರಿಯೇ. ಬಿದ್ದ ಬಿಂದಿಗೆಯನ್ನು ಎತ್ತುವ ಪಾತಾಳಗರಡಿ ನೋಡದವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ, ಹಡಗಿನ ಲಂಗರು ನೋಡಿದವರೂ ಇರಲಿಲ್ಲ. ಪ್ರತಿಮಾ ಮಾತ್ರ ತನ್ನ ಮೊಬೈಲಿನಲ್ಲಿ ಪದಕದ ಫೋಟೊ ಹಿಡಿದು, ಅದು ಏನು ಹೇಳಿತೋ ಅದನ್ನು ನೋಡಿಕೊಂಡು, 'ನೌಕಾ ಪದಕ ಒಂದು' ಎಂದು ಟೈಪು ಮಾಡಿದಳು.

ಗುರುಮೂರ್ತಿಯವರು ಕೆಂಪು ಪೆನ್ನು ತೆಗೆದರು. ಪ್ರತಿಮಾಳ ಬೆರಳು ಜಾರುವುದೂ ಅವರು ತಿದ್ದುವುದೂ ಇವತ್ತಿನದಲ್ಲ. 'ನೌಕಾ' ಎಂಬುದನ್ನು ಹೊಡೆದು 'ನೌಕರ' ಎಂದು ಬರೆದರು.

"ಸಾರ್, ಅದು ನೌಕೆ. ಹಡಗು."

"ಕೆರೇಲೇ ನೀರಿಲ್ಲ, ಇಲ್ಲಿಗೆ ಹಡಗು ಎಲ್ಲಿಂದ ಬತ್ತದಮ್ಮ? ಸಿಂಹ ಐತೆ, ಅಂದ್ಮೇಲೆ ಸರ್ಕಾರ. ಪಾತಾಳಗರಡಿ ಐತೆ, ಅಂದ್ಮೇಲೆ ನೀರು ಸರಬರಾಜು. ಯಾವನೋ ಒಳ್ಳೇ ನೌಕರ, ಪದಕ ಕೊಟ್ಟವ್ರೆ, ಬೀಳಿಸ್ಕೊಂಡವ್ನೆ."

ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಮೂರೂ ಊರುಗಳ ಬಸ್ ಸ್ಟ್ಯಾಂಡಿನಲ್ಲಿ ಪ್ರಕಟಣೆ ಅಂಟಿತು. "ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಪಾತಾಳಗರಡಿ ಚಿಹ್ನೆಯುಳ್ಳ ನೌಕರ ಪದಕವೊಂದು ದೊರೆತಿದ್ದು, ಸದರಿ ನೌಕರರು ಯಾರೇ ಆಗಿದ್ದರೂ ತಾವು ತಾವೇ ಎಂಬುದಕ್ಕೆ ಪುರಾವೆಯೊಡನೆ ಹಾಜರಾಗತಕ್ಕದ್ದು." ನೀರು ಬಿಡುವ ನಾಲ್ಕಾರು ಮಂದಿ ಬಂದು ಪದಕ ನೋಡಿ, ನಮಗೆ ಸಂಬಳವೇ ಸರಿಯಾಗಿ ಬರುವುದಿಲ್ಲ, ಪದಕ ಎಲ್ಲಿಯದು ಎಂದು ನಕ್ಕು ಹೋದರು.

ಅದೇ ತಿಂಗಳು ವಲಯ ಕಚೇರಿಯಿಂದ ಸುತ್ತೋಲೆ ಬಂತು. ಮೂವರಿಗಿಂತ ಕಡಿಮೆ ಬಲವುಳ್ಳ ಉಪಕಚೇರಿಗಳನ್ನು ಮುಚ್ಚತಕ್ಕದ್ದು. ಅಂಥ ಕಡೆಯ ಬೆರಳಚ್ಚುಗಾರರನ್ನು ಬೀದರಿಗೂ ಅಧೀಕ್ಷಕರನ್ನು ಕಾರವಾರಕ್ಕೂ ವರ್ಗಾಯಿಸತಕ್ಕದ್ದು.

ಗುರುಮೂರ್ತಿಯವರು ಕಾರವಾರ ಎಂಬಲ್ಲಿಗೆ ಬಂದು ಓದುವುದನ್ನು ನಿಲ್ಲಿಸಿದರು. ಅವರಿಗೆ ನೀರೆಂದರೆ ಆಗದು. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಲಕ್ಕವಳ್ಳಿ ಡ್ಯಾಮಿಗೆ ಕರೆದುಕೊಂಡು ಹೋಗಿ, ನೀರಿಗೆ ಬೆನ್ನು ಹಾಕಿ ಕೂತು ಚಿತ್ರಾನ್ನ ತಿಂದು ಬಂದವರು ಅವರು. ಕಾರವಾರದಲ್ಲಿ ಎತ್ತ ಬೆನ್ನು ಹಾಕುವುದು? ಮರುದಿನ ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಪ್ರತಿಮಾ ಕುರ್ಚಿ ಬಿಟ್ಟು ಏಳಲಿಲ್ಲ.

ಸುತ್ತೋಲೆಗೆ ಉತ್ತರ ಬರೆಯಲೇಬೇಕಿತ್ತು. ಗುರುಮೂರ್ತಿಯವರು ಸುಳ್ಳು ಬರೆಯುವವರಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದರು: "ಈ ಕಚೇರಿಯಲ್ಲಿ ಅಧೀಕ್ಷಕರು ಒಂದು, ಬೆರಳಚ್ಚುಗಾರರು ಒಂದು, ಹಾಗೂ ವಾರಸುದಾರರು ಪತ್ತೆಯಾಗದ ನೌಕರ ಪದಕ ಒಂದು ಇರುತ್ತವೆ."

ವಲಯ ಕಚೇರಿಯಲ್ಲಿ ಯಾರೋ ಪುಣ್ಯಾತ್ಮರು ಇದನ್ನು ಕೂಡಿದರು. ಒಟ್ಟು ಮೂರು ಬಂತು.

ಹದಿನೈದು ದಿನದಲ್ಲಿ ಆದೇಶ ಬಂತು. "ಉಲ್ಲೇಖಿತ ಪತ್ರದಿಂದ ಸದರಿ ಕಚೇರಿಯಲ್ಲಿ ಮೂವರಿರುವುದು ಖಚಿತಪಟ್ಟಿದ್ದು, ಮುಚ್ಚುಗಡೆಯನ್ನು ಕೈಬಿಡಲಾಗಿದೆ. ಆದರೆ ಮೂರನೆಯ ನೌಕರರಾದ ಶ್ರೀ ಪದಕ ಇವರಿಗೆ ಮೇಜು, ಕುರ್ಚಿ ಒದಗಿಸಿರುವ ಬಗ್ಗೆ ವರದಿ ಇರುವುದಿಲ್ಲ. ಕೂಡಲೇ ಒದಗಿಸಿ, ತಪಾಸಣೆಗೆ ಸಿದ್ಧರಿರತಕ್ಕದ್ದು."

ತಪ್ಪು ಒಪ್ಪಿಕೊಳ್ಳೋಣವೇ ಎಂದು ಪ್ರತಿಮಾ ಕೇಳಿದಳು. ಗುರುಮೂರ್ತಿಯವರು ಬಹಳ ಹೊತ್ತು ಯೋಚಿಸಿದರು. ಮೇಲಿನವರ ಲೆಕ್ಕ ತಪ್ಪೆಂದು ಕೆಳಗಿನವರು ಹೇಳುವುದು ಶಿಸ್ತಿನ ಉಲ್ಲಂಘನೆಯಾಗುತ್ತದೆ ಎಂದು ಅವರಿಗೆ ಹೊಳೆಯಿತು. ಅಲ್ಲಿಗೆ ಮನಸ್ಸು ಹಗುರಾಯಿತು. ಶಾಮಿಯಾನದ ಟೆಂಪೋದಿಂದ ಬಿದ್ದು ಸಿಕ್ಕಿದ್ದ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಕಿಟಕಿಯ ಪಕ್ಕ ಹಾಕಿಸಿದರು. ಅದರ ಮುಂದೆ ಒಂದು ಮೇಜು, ಮೇಜಿನ ಮೇಲೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ಪದಕ. ಪದಕ ಅಂದಿನಿಂದ ಕೆಲಸಕ್ಕೆ ಹಾಜರಾಯಿತು.

ಅದು ಒಳ್ಳೆಯ ನೌಕರನೆಂದು ಬೇಗ ಹೆಸರಾಯಿತು. ಬೈಯುವುದಿಲ್ಲ, ನಾಳೆ ಬಾ ಎನ್ನುವುದಿಲ್ಲ, ಚಾ-ಕಾಫಿ ಕೇಳುವುದಿಲ್ಲ. ಜನ ಗುರುಮೂರ್ತಿಯವರ ಮೇಜು ಬಿಟ್ಟು ಕಿಟಕಿಯ ಪಕ್ಕದ ಮೇಜಿನ ಮುಂದೆ ಸಾಲು ನಿಂತರು. ಅರ್ಜಿಯನ್ನು ಪದಕದ ಮುಂದಿಟ್ಟು ಕೈಮುಗಿದು ಹೋಗುತ್ತಿದ್ದರು. ಕೆಲಸ ಆಗುತ್ತಿರಲಿಲ್ಲ, ಆದರೆ ಅದು ಮೊದಲೂ ಆಗುತ್ತಿರಲಿಲ್ಲ. ಈಗ ಖರ್ಚಿಲ್ಲದೆ ಆಗದಿರುವುದು ಜನಕ್ಕೆ ಹಿತವೆನಿಸಿತು. ಗುರುಮೂರ್ತಿಯವರಿಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚಾದದ್ದು ನಿಜ.

ತಪಾಸಣೆಗೆ ವಲಯಾಧಿಕಾರಿ ರವಿಕುಮಾರರೇ ಬಂದರು. ಕುರ್ಚಿಗಳನ್ನು ಎಣಿಸಿದರು. ಕಿಟಕಿಯ ಬಳಿ ನಿಂತು ಪದಕವನ್ನು ದಿಟ್ಟಿಸಿ ನೋಡಿದರು. ಗುರುಮೂರ್ತಿಯವರ ಕಿವಿಯಲ್ಲಿ ಕಾರವಾರದ ಅಲೆ ಕೇಳಿಸತೊಡಗಿತು.

"ಇವರೇನಾ?"

"ಇವರೇ ಸಾರ್."

"ಮಾತಾಡ್ತಾರಾ?"

"ಇಲ್ಲ ಸಾರ್."

"ಒಳ್ಳೇದು," ಎಂದರು ರವಿಕುಮಾರ, ನಿಟ್ಟುಸಿರು ಬಿಟ್ಟು. ತಮ್ಮ ಕಚೇರಿಯಲ್ಲಿ ಮಾತಾಡುವವರೇ ಹೆಚ್ಚಾಗಿದ್ದಾರೆಂದೂ, ಇಂಥವರು ನಾಲ್ಕು ಜನ ಸಿಕ್ಕಿದ್ದರೆ ಇಲಾಖೆ ಎಲ್ಲೋ ಇರುತ್ತಿತ್ತೆಂದೂ ಹೇಳಿದರು. ಹೋಗುವಾಗ ಒಂದೇ ಒಂದು ಆಕ್ಷೇಪಣೆ ಎತ್ತಿದರು. ಮೂರನೆಯ ನೌಕರರ ಹೆಸರಿನ ಜಾಗ ಖಾಲಿ ಇದೆ. ಈ ತಿಂಗಳ ಕೊನೆಯೊಳಗೆ ಅದನ್ನು ತುಂಬಿಸದಿದ್ದರೆ ನೌಕರರನ್ನು ಕೈಬಿಡಬೇಕಾಗುತ್ತದೆ. ಕೈಬಿಟ್ಟರೆ ಮತ್ತೆ ಇಬ್ಬರೇ.

ಬಾಯಿಗೆ ಬಂದ ಹೆಸರನ್ನು ಬರೆದುಬಿಡೋಣ ಎಂದಳು ಪ್ರತಿಮಾ. ಗುರುಮೂರ್ತಿಯವರು ಒಪ್ಪಲಿಲ್ಲ. ಇಲ್ಲದ ನೌಕರನನ್ನು ಇಟ್ಟುಕೊಳ್ಳುವುದು ಮೇಲಿನವರ ಆದೇಶ. ಇಲ್ಲದ ಹೆಸರನ್ನು ಬರೆಯುವುದು ಸುಳ್ಳು. ಈ ಎರಡರ ನಡುವೆ ಅವರು ತಿಂಗಳ ಕೊನೆಯವರೆಗೂ ಒದ್ದಾಡಿದರು.

ತಿಂಗಳು ಮುಗಿಯಲು ಇನ್ನೇನು ಎರಡು ದಿನವಿರುವಾಗ ಲಿಂಗದಹಳ್ಳಿಯಿಂದ ತೀರ್ಥಮ್ಮ ಬಂದರು. ಅರವತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ, ಕೈಯಲ್ಲೊಂದು ಬಟ್ಟೆಯ ಚೀಲ. ಅಜ್ಜಂಪುರದ ಬೇವಾರ್ಸಿ ಆಫೀಸಿನಲ್ಲಿ ಒಂದು ಪದಕ ಕೆಲಸಕ್ಕೆ ಸೇರಿಕೊಂಡಿದೆಯಂತೆ, ಬಲು ಒಳ್ಳೆಯ ಮನುಷ್ಯನಂತೆ ಎಂದು ತರೀಕೆರೆ ಬಸ್ಸಿನಲ್ಲಿ ಯಾರೋ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. ಒಳಗೆ ಬಂದವರು ಗುರುಮೂರ್ತಿಯವರ ಕಡೆ ತಿರುಗಿಯೂ ನೋಡದೆ ನೇರ ಕಿಟಕಿಯ ಬಳಿ ಹೋಗಿ ನಿಂತರು. ಕಣ್ಣು ತುಂಬಿತು. ಸೆರಗಿನಿಂದ ಮೊದಲು ಪದಕವನ್ನು ಒರೆಸಿದರು, ಆಮೇಲೆ ಕಣ್ಣು.

"ಇದು ನಮ್ಮನೆಯವ್ರದು ಕಣ್ರೀ."

ಗಂಡನ ಫೋಟೊಕ್ಕೆ ಕಟ್ಟು ಹಾಕಿಸಿ, ಅದರಡಿಯಲ್ಲಿ ಪದಕ ಕೂರಿಸೋಣವೆಂದು ಕಡೂರಿನ ಸ್ಟುಡಿಯೋಕ್ಕೆ ಹೋಗಿದ್ದರಂತೆ. ವಾಪಸು ಬರುವಾಗ ಚೀಲದ ಮೂಲೆ ಹರಿದದ್ದು ಗೊತ್ತಾಗಲಿಲ್ಲ. ಅಂದಿನಿಂದ ಫೋಟೊದ ಕೆಳಗೆ ಒಂದು ಮೊಳೆ ಖಾಲಿ ಇದೆ, ಅದನ್ನು ನೋಡಿದಾಗಲೆಲ್ಲ ಊಟ ಸೇರುವುದಿಲ್ಲ ಎಂದರು. ಬಸ್ ಸ್ಟ್ಯಾಂಡಿನ ಪ್ರಕಟಣೆಯನ್ನು ಪಕ್ಕದ ಮನೆಯವರು ಓದಿ ಹೇಳಿದ್ದರಂತೆ, ಆದರೆ ಪಾತಾಳಗರಡಿ ಎಂದಿದ್ದರಿಂದ ತಮ್ಮದಲ್ಲವೆಂದು ಸುಮ್ಮನಾಗಿದ್ದರು.

ಗುರುಮೂರ್ತಿಯವರು ಅವರ ಹೆಸರೇನೆಂದು ಕೇಳಿದರು.

"ತೀರ್ಥಮ್ಮ."

"ನಿಮ್ದಲ್ಲಮ್ಮ. ಅವರದು."

ತೀರ್ಥಮ್ಮ ತಲೆ ತಗ್ಗಿಸಿದರು. ಗಂಡನ ಹೆಸರನ್ನು ಅವರು ಮದುವೆಯಲ್ಲಿ ಎಲ್ಲರೂ ಬಲವಂತ ಮಾಡಿದಾಗ ಒಮ್ಮೆ ಒಗಟು ಕಟ್ಟಿ ಹೇಳಿದ್ದು ಬಿಟ್ಟರೆ ಮತ್ತೆ ಬಾಯಲ್ಲಿ ತಂದವರಲ್ಲ. ಸರ್ಕಾರ ಕೇಳಿತೆಂದು ಈಗ ಹೇಳುತ್ತಾರೆಯೇ? ಪ್ರತಿಮಾ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತಳು.

"ಪೂಜೇಲಿ ಮಂತ್ರ ಹೇಳ್ತಾರಲ್ಲಮ್ಮ, ನಮಃ ಶಿವಾಯ," ಎಂದರು ತೀರ್ಥಮ್ಮ. "ಅದ್ಕೆ ಮುಂಚೆ ಏನಂತಾರೆ?"

"ಓಂ."

"ಹೂಂ. ಮೆಣಸಿನಕಾಯಿ ಕಚ್ಚಿದ್ರೆ ಏನಾಯ್ತದೆ?"

"ಕಾರ."

"ಗುಡಿ ಒಳಗೆ ಕೂತಿರೋದು?"

"ದೇವರು," ಎಂದರು ಗುರುಮೂರ್ತಿ, ತಡೆಯಲಾರದೆ.

"ಕಲ್ಲಲ್ಲಿ ಮಾಡಿರ್ತಾರಲ್ಲ ಸ್ವಾಮಿ. ಬಸ್ಸಲ್ಲಿ ಹೇಳಿದ್ರು, ನಿಮ್ಮ ಹೆಸ್ರಲ್ಲೂ ಐತೆ."

"ಓಂಕಾರಮೂರ್ತಿ," ಎಂದಳು ಪ್ರತಿಮಾ. ತೀರ್ಥಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊಸ ಮದುವಣಗಿತ್ತಿಯ ಹಾಗೆ ನಕ್ಕರು. ಪುರಾವೆ ಬೇಕಿದ್ದರೆ ಅಂಚು ನೋಡಿ ಎಂದರು. ಪ್ರತಿಮಾ ಪದಕವನ್ನು ಓರೆ ಹಿಡಿದು ನೋಡಿದಳು. ದಿನಾ ಎದುರಿಗೇ ಇದ್ದ ಪದಕದ ಅಂಚಿನಲ್ಲಿ ಅದೇ ಹೆಸರು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಕೊರೆದಿತ್ತು. ಅವರು ನೌಕಾಪಡೆಯ ಹಡಗಿನಲ್ಲಿ, ಇಂಜಿನ್ ಕೋಣೆಯಲ್ಲಿ ಇದ್ದವರಂತೆ. ಅಲ್ಲಿಂದ ನಿವೃತ್ತಿಯಾದ ಮೇಲೂ ಖಾಸಗಿ ಹಡಗು ಹತ್ತಿದರಂತೆ. ಕೊನೆಗೆ ಊರಿಗೆ ಬಂದು ಎರಡು ಮಳೆಗಾಲ ಕಳೆಯುವುದರೊಳಗೆ ಹೋಗಿಬಿಟ್ಟರಂತೆ.

"ನಾನು ಹೇಳ್ಲಿಲ್ವಾ ಸಾರ್, ನೌಕೆ ಅಂತ," ಎಂದಳು ಪ್ರತಿಮಾ. ಅದು ಈಗ ಯಾರಿಗೂ ಬೇಕಿರಲಿಲ್ಲ.

ಗುರುಮೂರ್ತಿಯವರಿಗೆ ಒಂದೇ ಹೊತ್ತಿಗೆ ಸಂತೋಷವೂ ಸಂಕಟವೂ ಆಯಿತು. ಬೇಕಾಗಿದ್ದ ಹೆಸರು ಸಿಕ್ಕಿತು. ಆದರೆ ಹೆಸರಿನವನು ಸತ್ತಿದ್ದಾನೆ, ಹೆಂಡತಿ ಎದುರಿಗೆ ನಿಂತಿದ್ದಾಳೆ. ಪದಕ ಕೊಟ್ಟರೆ ಕಾರವಾರ. ಕೊಡದಿದ್ದರೆ ಈ ಹೆಂಗಸಿನ ಮುಖ ನೋಡಿದ ಮೇಲೆ ತಮಗೂ ಊಟ ಸೇರುವುದಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಒಬ್ಬ ಪಾರ್ಟಿಗೆ ವಿಷಯವನ್ನು ಉಲ್ಲೇಖವಿಲ್ಲದೆ, ಅಡ್ಡಮಾತಿಲ್ಲದೆ ಹೇಳಿದರು. ಲೆಕ್ಕ ಕೂಡಿದ್ದು, ಕುರ್ಚಿ ಹಾಕಿದ್ದು, ಬೀದರು, ಕಾರವಾರ, ಲಕ್ಕವಳ್ಳಿಯ ಚಿತ್ರಾನ್ನವನ್ನೂ ಬಿಡಲಿಲ್ಲ.

"ಅವ್ರು ತೀರ್ಕೊಂಡಿದ್ದಾರೆ ಅಂತ ಒಂದು ಗೆರೆ ಬರ್ಕೊಡಿ ತಾಯಿ. ಪದಕ ತಗೊಂಡ್ಹೋಗಿ. ನಮ್ಮ ಹಣೇಬರ ಇದ್ದಂಗಾಗ್ಲಿ."

ಪ್ರತಿಮಾ ಕಾಗದ ತಂದಿಟ್ಟಳು. ತೀರ್ಥಮ್ಮ ಪೆನ್ನು ಹಿಡಿಯಲಿಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ನೋಡಿದರು. ಮೇಜಿನ ಮೇಲಿದ್ದ ಅರ್ಜಿಗಳನ್ನು ನೋಡಿದರು. ಕಿಟಕಿಯಾಚೆ ಬಸ್ ಸ್ಟ್ಯಾಂಡಿನ ಕಡೆ ನೋಡಿದರು.

"ಹಂಗಾರೆ ಇವ್ರಿಗೆ ಈಗ ಡ್ಯೂಟಿ ಇಲ್ಲೇನಾ?"

"ಇಲ್ಲೇ."

"ಬೇರೆ ಊರಿಗೆ ಹಾಕಲ್ಲ ತಾನೆ?"

ಗುರುಮೂರ್ತಿಯವರು ನಿಯಮಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದರು. ಮೂರನೆಯವರನ್ನು ವರ್ಗಾಯಿಸಿದರೆ ಕಚೇರಿಯೇ ಇರುವುದಿಲ್ಲವಾದ್ದರಿಂದ ವರ್ಗಾಯಿಸಲು ಬರುವುದಿಲ್ಲ ಎಂದರು.

ತೀರ್ಥಮ್ಮ ಕಾಗದವನ್ನು ಪಕ್ಕಕ್ಕೆ ಸರಿಸಿದರು. "ಮದ್ವೆ ಆದಾಗ್ಲಿಂದ ಬಡ್ಕೊಂಡೆ ಕಣ್ರೀ, ಊರ ಹತ್ರ ಹಾಕಿಸ್ಕಳಿ ಅಂತ. ಅಜ್ಜಂಪುರಕ್ಕೆ ಸಮುದ್ರ ತರ್ಸು, ಮಾರನೇ ದಿನ ಬತ್ತೀನಿ ಅಂತ ನಗೋರು." ಆಮೇಲೆ ಚೀಲ ಕೆಳಗಿಟ್ಟು ಕೇಳಿದರು. "ಆಫೀಸು ಎಷ್ಟೊತ್ತಿಗೆ ಬಿಡ್ತದೆ?"

"ಐದೂವರೆಗೆ."

"ಸರಿ. ಕರ್ಕೊಂಡ್ಹೋಗ್ತೀನಿ. ಬೆಳಿಗ್ಗೆ ಕಳಿಸ್ತೀನಿ."

ಇದಕ್ಕೆ ನಿಯಮದಲ್ಲಿ ಅಡ್ಡಿಯಿರಲಿಲ್ಲ. ನೌಕರ ಸಂಜೆ ಮನೆಗೆ ಹೋಗಕೂಡದೆಂದು ಯಾವ ಸರ್ಕಾರವೂ ಹೇಳಿಲ್ಲ. ಬೇವಾರಸು ವಸ್ತು ಕಚೇರಿ ಬಿಟ್ಟು ಹೋಗುವಂತಿಲ್ಲ ನಿಜ, ಆದರೆ ಈಗ ಅದು ವಸ್ತುವೂ ಅಲ್ಲ, ಬೇವಾರಸೂ ಅಲ್ಲ. ಸತ್ತರೆಂದು ಯಾರೂ ಬರೆದುಕೊಡದ್ದರಿಂದ ಹೆಸರಿನ ಜಾಗದಲ್ಲಿ ಶ್ರೀ ಓಂಕಾರಮೂರ್ತಿ ಎಂದು ಬರೆಯಲಾಯಿತು. ವಲಯ ಕಚೇರಿಯಿಂದ ಮೆಚ್ಚುಗೆಯ ಪತ್ರ ಬಂತು.

ಅಂದಿನಿಂದ ತೀರ್ಥಮ್ಮ ದಿನಾ ಬೆಳಿಗ್ಗೆ ಲಿಂಗದಹಳ್ಳಿಯಲ್ಲಿ ಬಸ್ಸು ಹತ್ತಿ, ತರೀಕೆರೆಯಲ್ಲಿ ಬದಲಾಯಿಸಿ, ಸರಿಯಾದ ಹೊತ್ತಿಗೆ ಪದಕವನ್ನು ಕುರ್ಚಿಗೆ ತಲುಪಿಸುತ್ತಾರೆ. ಮೂವರು ನೌಕರರಲ್ಲಿ ಹೊತ್ತಿಗೆ ಸರಿಯಾಗಿ ಬರುವವರು ಓಂಕಾರಮೂರ್ತಿಯವರೊಬ್ಬರೇ ಎಂದು ಪ್ರತಿಮಾ ಹೇಳುತ್ತಾಳೆ. ಸಂಜೆಯವರೆಗೆ ತೀರ್ಥಮ್ಮ ಜಗಲಿಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಾರೆ. ಒಂದು ದಿನ ಒಬ್ಬ ಅರ್ಜಿ ಹಿಡಿದು ಪದಕದ ಮುಂದೆ ಕೈಮುಗಿದು ನಿಂತಿದ್ದಾಗ, ಆ ಛತ್ರಿ ನಿಂದೇನಪ್ಪಾ, ಹಂಗಾರೆ ತಗೊಂಡ್ಹೋಗು, ನಮ್ಮನೆಯವ್ರು ಏನೂ ಅನ್ನಲ್ಲ ಎಂದುಬಿಟ್ಟರು. ಗುರುಮೂರ್ತಿಯವರು ನಿಯಮ ಹನ್ನೊಂದನ್ನು ನೆನೆದು ಎದ್ದು ನಿಂತರು. ಆದರೆ ಅದು ಮೂರನೆಯ ಮೇಜಿನ ವಿಲೇವಾರಿ, ತಾವು ತಲೆ ಹಾಕುವಂತಿಲ್ಲ ಎಂದು ಕೂತರು. ಛತ್ರಿ ಹೋಯಿತು. ಮರುವಾರ ಅದೇ ಛತ್ರಿ ಬಸ್ಸಿನಲ್ಲಿ ಮರೆತು ಮತ್ತೆ ಕಚೇರಿಗೇ ಬಂದದ್ದರಿಂದ ಸರ್ಕಾರಕ್ಕೆ ನಷ್ಟವಾಗಲಿಲ್ಲ.

ಭಾನುವಾರ ಪದಕ ಮನೆಯಲ್ಲಿ ಫೋಟೊದ ಕೆಳಗಿನ ಮೊಳೆಯಲ್ಲಿರುತ್ತದೆ. ಹಬ್ಬಗಳಲ್ಲೂ ಅಷ್ಟೆ. ಒಮ್ಮೆ ತೀರ್ಥಮ್ಮನಿಗೆ ಜ್ವರ ಬಂದಾಗ ಪದಕಕ್ಕೆ ಎರಡು ದಿನ ಗಳಿಕೆ ರಜೆ ಹಾಕಿಸಿದರು. ಹಡಗಿನಲ್ಲಿದ್ದಾಗ ವರ್ಷಕ್ಕೊಂದು ಸಲ ಬರುತ್ತಿದ್ದವರು ಈಗ ದಿನಾ ಮನೆಗೆ ಬರುತ್ತಾರೆಂದು ಲಿಂಗದಹಳ್ಳಿಯಲ್ಲಿ ಹೆಂಗಸರು ತೀರ್ಥಮ್ಮನ ಅದೃಷ್ಟವನ್ನು ಹೊಗಳುತ್ತಾರೆ.

ಮೊನ್ನೆ ಸಂಜೆ ಬಸ್ಸು ತುಂಬಿತ್ತು. ತೀರ್ಥಮ್ಮ ಕಿಟಕಿಯ ಸೀಟಿನಲ್ಲಿ ಚೀಲ ಇಟ್ಟು, ಚೀಲದ ಮೇಲೆ ಪದಕ ಇಟ್ಟು, ಪಕ್ಕದಲ್ಲಿ ತಾವು ಕೂತಿದ್ದರು. ಗುರುಮೂರ್ತಿಯವರು ಕಂಬಿ ಹಿಡಿದು ನಿಂತಿದ್ದರು. ಹೊಸ ಕಂಡಕ್ಟರು ತೀರ್ಥಮ್ಮನ ಆಧಾರ್ ಕಾರ್ಡು ನೋಡಿ ಉಚಿತದ ಚೀಟಿ ಹರಿದುಕೊಟ್ಟ. ಕಿಟಕಿಯ ಸೀಟಿನಲ್ಲಿ ಯಾರೆಂದು ಕೇಳಿದ.

"ನಮ್ಮನೆಯವ್ರು."

ಕಂಡಕ್ಟರು ಪದಕ ನೋಡಿದ. ಆಮೇಲೆ ಗುರುಮೂರ್ತಿಯವರ ಮುಖ ನೋಡಿದ.

"ನಮ್ಮ ಆಫೀಸಿನವರು," ಎಂದರು ಗುರುಮೂರ್ತಿ.

ಕಂಡಕ್ಟರು ತಲೆ ಕೆರೆದುಕೊಂಡು ಒಂದು ಕ್ಷಣ ಯೋಚಿಸಿದ. ಅವನೂ ನಿಯಮದ ಮನುಷ್ಯನೇ. "ಗಂಡಸ್ರಿಗೆ ಫ್ರೀ ಇಲ್ಲ ಕಣಮ್ಮ."

"ಗೊತ್ತು ಕಣಪ್ಪ. ಒಂದು ಫುಲ್ಲು ಕೊಡು," ಎಂದು ತೀರ್ಥಮ್ಮ ಆಗಲೇ ಸೆರಗಿನ ಗಂಟು ಬಿಚ್ಚಿದ್ದರು.

ದಾರಿಯಲ್ಲಿ ಒಂದು ಕೆರೆ ಬಂತು. ಈ ವರ್ಷ ಮಳೆ ಚೆನ್ನಾಗಿ ಆಗಿ ಅದು ಏರಿಯ ಮಟ್ಟ ತುಂಬಿತ್ತು. ಗುರುಮೂರ್ತಿಯವರು ಅಭ್ಯಾಸದಂತೆ ಆ ಕಡೆಗೆ ಬೆನ್ನು ತಿರುಗಿಸಿದರು. ತೀರ್ಥಮ್ಮ ಪದಕವನ್ನು ಎತ್ತಿ ಕಿಟಕಿಯ ಸರಳಿನ ಹತ್ತಿರ ಹಿಡಿದರು, ಕೆರೆ ದಾಟುವವರೆಗೆ. ಹಿಂದಿನಿಂದ ಯಾರೋ ಆ ಸೀಟಿಗೆ ಬರಬಹುದೇ ಎಂದು ಕೇಳಿದ್ದಕ್ಕೆ ಕಂಡಕ್ಟರೇ ಗದರಿದ, ಕಣ್ ಕಾಣಲ್ವಾ, ಜನ ಕೂತವ್ರೆ, ಟಿಕೆಟ್ ತಗೊಂಡವ್ರೆ ಎಂದು.

ತರೀಕೆರೆ ಬಂತು. ಇಳಿಯುವಾಗ ಗುರುಮೂರ್ತಿಯವರಿಗೆ ನೆನಪಾಗಿ ತಿರುಗಿ ಹೇಳಿದರು. "ನಾಳೆ ಮೀಟಿಂಗು. ಸ್ವಲ್ಪ ಬೇಗ ಬರೋಕೆ ಹೇಳಿ ಅವರಿಗೆ."

"ಬತ್ತಾರೆ," ಎಂದರು ತೀರ್ಥಮ್ಮ.